ಕುರುಡುಮಲೆ ಗಣಪನಿಗೂ ಒಂದು ರಿಪ್ಲೈ ಕಾರ್ಡು

ಆಡಳಿತ ಮಂಡಳಿಯ ಅಧ್ಯಕ್ಷರು ಫೋಟೋ ಆಲ್ಬಮ್ಮೊಂದನ್ನು ನನ್ನ ಮೇಜಿನ ಮೇಲಿಟ್ಟು, "ಇದೇ ಥರ ಆಗಬೇಕು ಕಣ್ರೀ, ಒಂದು ಕೂದಲೂ ಆಚೀಚೆ ಆಗಬಾರದು" ಎಂದಾಗ ಸಮಾರಂಭಕ್ಕೆ ಸರಿಯಾಗಿ ಆರು ವಾರ ಉಳಿದಿತ್ತು.

ಆಲ್ಬಮ್ಮಿನಲ್ಲಿದ್ದದ್ದು ದೂರದ ಯಾವುದೋ ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿಗಳು ಬಂದ ದಿನದ ಚಿತ್ರಗಳು. ಕಪ್ಪು ಗೌನು ತೊಟ್ಟವರ ಮೆರವಣಿಗೆ, ಎತ್ತರದ ಕುರ್ಚಿ, ಸಾಲಾಗಿ ಕೂತ ಗಂಭೀರ ಮುಖಗಳು. ನಮ್ಮದು ಕೋಲಾರದ ಒಂದು ಖಾಸಗಿ ಕಾಲೇಜು. ಬರುತ್ತಿದ್ದದ್ದು ಕುಲಪತಿಯಲ್ಲ, ಹೊಸ ಪ್ರಿನ್ಸಿಪಾಲರು. ಆದರೆ ಅಧ್ಯಕ್ಷರ ಕಣ್ಣಿಗೆ ನಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೂ ಕಡಿಮೆಯದಲ್ಲ. ಆಫೀಸು ಸೂಪರಿಂಟೆಂಡೆಂಟ್ ಆಗಿದ್ದ ನನಗೂ ಹಾಗೇ ಅನಿಸುತ್ತಿತ್ತು. ಎಂಬತ್ತರ ದಶಕದ ಶುರುವಿನ ಮಾತು ಇದು.

ಹೊಸ ಪ್ರಿನ್ಸಿಪಾಲರು ನಮ್ಮಲ್ಲೇ ಇಪ್ಪತ್ತು ವರ್ಷ ಗಣಿತ ಕಲಿಸಿದ್ದ ಮೇಡಂ. ಹೋಳೂರಿನ ರೈತರ ಮನೆಯ ಹೆಣ್ಣುಮಗಳು. ಆ ಕುರ್ಚಿಗೆ ಬಂದ ಮೊದಲ ಹೆಂಗಸು, ಈ ನೆಲದವರಾಗಿ ಬಂದವರಲ್ಲೂ ಮೊದಲಿಗರು. ನಾನು ಪಟ್ಟಿ ಹಿಡಿದು ಅವರ ಕೋಣೆಗೆ ಹೋಗಿ ಗೌನಿನ ಅಳತೆ, ಭಾಷಣದ ಅವಧಿ ಎಲ್ಲ ಕೇಳಿದೆ. ಎಲ್ಲಕ್ಕೂ "ನಿಮ್ಮಿಷ್ಟ" ಎಂದರು. ಕೊನೆಗೆ ಪೆನ್ನು ಕೆಳಗಿಟ್ಟು ಹೇಳಿದರು.

"ನನ್ನದು ಒಂದೇ ಬೇಡಿಕೆ. ಮೊದಲ ಸಾಲಿನಲ್ಲಿ ನಮ್ಮಮ್ಮ ಕೂತಿರಬೇಕು. ಅವರು ಇಂಥ ಯಾವ ಕಾರ್ಯಕ್ಕೂ ಹೋಗೋರಲ್ಲ. ನನ್ನ ಡಿಗ್ರಿ ಕೊಟ್ಟ ದಿನಾನೂ ಬರಲಿಲ್ಲ. ಈ ಸಲ ಬರದೇ ಹೋದ್ರೆ ನನಗೆ ಈ ಮೆರವಣಿಗೆ ಬೇಡ. ನಿಮ್ಮ ಆಫೀಸಿನಲ್ಲೇ ಸಹಿ ಹಾಕಿ ಚಾರ್ಜ್ ತಗೊಂಡುಬಿಡ್ತೀನಿ."

"ಅದೇನು ದೊಡ್ಡ ವಿಷಯ ಮೇಡಂ" ಎಂದು ಪಟ್ಟಿಯಲ್ಲಿ ಬರೆದುಕೊಂಡೆ: ಮೊದಲ ಸಾಲು, ಮೂರನೇ ಕುರ್ಚಿ, ಮೇಡಂ ಅವರ ತಾಯಿ.

ನನಗೆ ಕಾಗದದ ಮೇಲೆ ಅಪಾರ ನಂಬಿಕೆ. ಬರೆದದ್ದು ಆಗಿಯೇ ತೀರುತ್ತದೆ ಎಂದುಕೊಂಡು ಬದುಕಿದವನು. ಮೊದಲ ಮೂರು ವಾರ ಬಹಳ ಸುಖವಾಗಿ ಕಳೆದೆ. ನಿಮಿಷ ನಿಮಿಷದ ಕಾರ್ಯಕ್ರಮ ಬರೆದು ಸ್ಟೆನ್ಸಿಲ್ ಕತ್ತರಿಸಿ ಸೈಕ್ಲೋಸ್ಟೈಲ್ ಮಾಡಿಸಿದೆ. ಹತ್ತೂವರೆಗೆ ಲೈಬ್ರರಿಯಿಂದ ಮೆರವಣಿಗೆ ಹೊರಡಬೇಕು. ಹತ್ತು ಮೂವತ್ತನಾಲ್ಕಕ್ಕೆ ಸಭಾಂಗಣದ ಬಾಗಿಲು. ಹತ್ತು ಮೂವತ್ತೊಂಬತ್ತಕ್ಕೆ ನಿವೃತ್ತ ಪ್ರಿನ್ಸಿಪಾಲರು ಬೀಗದ ಗೊಂಚಲು ಮತ್ತು ಕಾಲೇಜಿನ ಮೊಹರನ್ನು ಮೇಡಂ ಕೈಗೆ ಒಪ್ಪಿಸಬೇಕು. ಹೀಗೆ. ಆಹ್ವಾನ ಪತ್ರಿಕೆಯ ಪ್ರೂಫನ್ನು ನಾಲ್ಕು ಸಲ ತಿದ್ದಿದೆ. ಅಚ್ಚುಕೂಟದವನು ನನ್ನನ್ನು ಕಂಡರೆ ಒಳಗೆ ಹೋಗಿ ಅವಿತುಕೊಳ್ಳುವಷ್ಟು ಕಾಟ ಕೊಟ್ಟೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕಿನಿಂದ ನಮ್ಮಲ್ಲಿ ಮಕ್ಕಳು ಓದುತ್ತಿದ್ದರು. ಅವರ ತಂದೆತಾಯಿಯರೇ ಸಭಾಂಗಣ ತುಂಬಬೇಕೆಂದು ಮಂಡಳಿ ತೀರ್ಮಾನಿಸಿತ್ತು. ಬೆಂಗಳೂರಿನ ಒಂದಷ್ಟು ಗಣ್ಯರೂ ಸೇರಿ ಆರುನೂರು ವಿಳಾಸ. ಆಲ್ಬಮ್ಮಿನ ಜೊತೆ ಬಂದಿದ್ದ ಆ ವಿಶ್ವವಿದ್ಯಾಲಯದ ಆಹ್ವಾನ ಪತ್ರಿಕೆಯಲ್ಲಿ ಒಂದು ರಿಪ್ಲೈ ಕಾರ್ಡು ಇತ್ತು. ನಾನೂ ಪ್ರತಿ ಲಕೋಟೆಯಲ್ಲಿ ಒಂದೊಂದು ಹಾಕಿಸಿದೆ. "ಬರುತ್ತೇನೆ / ಬರುವುದಿಲ್ಲ. ಅನ್ವಯಿಸದಿದ್ದುದನ್ನು ಹೊಡೆದುಹಾಕಿ ಕೂಡಲೇ ಅಂಚೆಗೆ ಹಾಕುವುದು." ರವಾನೆ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಹಾಕಿ, ಮೂಟೆ ಕಟ್ಟಿ, ಅಂಚೆಗೆ ಕಳಿಸಿ ಕೈ ಒರೆಸಿಕೊಂಡೆ.

ಹನ್ನೆರಡು ದಿನ ಕಳೆಯಿತು. ವಾಪಸು ಬಂದ ಕಾರ್ಡು ಹನ್ನೊಂದು. ಅದರಲ್ಲಿ ಒಂಬತ್ತು ಬೆಂಗಳೂರಿನವು.

ಅಂಚೆಯವರನ್ನು ಕೇಳಿದೆ. ಎಲ್ಲ ಬಟವಾಡೆ ಆಗಿದೆ ಎಂದರು. ಹುಡುಗರನ್ನು ಕೇಳಿದೆ. "ಬಂದಿದೆ ಸಾರ್" ಎಂದು ನೆಲ ನೋಡಿದರು. ತಡೆಯಲಾರದೆ ಕಾಲೇಜಿನ ಜೀಪು ಹತ್ತಿ ಶ್ರೀನಿವಾಸಪುರದ ಕಡೆ ಹೊರಟೆ. ಅಲ್ಲಿ ಟೊಮೇಟೊ ಬೆಳೆಯುವ ಒಬ್ಬ ರೈತರಿದ್ದರು. ಇಬ್ಬರು ಮಕ್ಕಳನ್ನು ನಮ್ಮಲ್ಲಿ ಓದಿಸಿದವರು, ಊರಿನಲ್ಲಿ ನಾಲ್ಕು ಜನ ಕೇಳುವ ಮಾತು ಅವರದು. ತೋಟದಿಂದ ಎದ್ದು ಬಂದು, ಕಾಲಿಗೆ ನೀರು ಕೊಟ್ಟು, ಮಜ್ಜಿಗೆ ಕೊಟ್ಟರು. ನಮ್ಮ ಪತ್ರಿಕೆ ಎಲ್ಲಿ ಎಂದರೆ ದೇವರ ಪಟದ ಹಿಂದಿನಿಂದ ಲಕೋಟೆ ತೆಗೆದು ತೋರಿಸಿದರು. ಕೊಳೆಯಾಗದಂತೆ ಜೋಪಾನ ಮಾಡಿದ್ದರು.

"ಮತ್ತೆ ಬರ್ತೀರಿ ತಾನೆ?" ಎಂದೆ.

"ಕಾರ್ಡು ಒಚ್ಚಿಂದಿ ಸಾಮಿ, ಪಿಲಿಚೇವಾಳ್ಳು ಎವ್ವರೂ ರಾಲೇದು" ಎಂದರು ತೆಲುಗಿನಲ್ಲಿ. ನನಗೆ ತಿಳಿಯಲಿಲ್ಲವೆಂದು ಕಂಡು ಕನ್ನಡದಲ್ಲೇ ಹೇಳಿದರು: "ಕಾರ್ಡೇನೋ ಬಂತು. ಕರೆಯೋರು ಯಾರೂ ಬರಲಿಲ್ವಲ್ಲ. ಮೇಲಿಂದ ಬರ್ತೀಯೋ ಬರಲ್ವೋ ಬರೆದು ಕಳಿಸು ಅಂತೀರ. ಊಟಕ್ಕೆ ಕರೆಯೋ ಮುಂಚೇನೆ ಉಣ್ತೀಯೋ ಇಲ್ವೋ ಅಂತ ಸಹಿ ಕೇಳಿದ್ರೆ ಯಾರ್ ಬರ್ತಾರೆ ಸಾಮಿ?"

ಬೇಸರದಿಂದಲ್ಲ, ತಿಳಿಯದವನಿಗೆ ತಿಳಿಸುವ ಹಾಗೆ ಹೇಳಿದರು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟು ಜೀಪು ಹತ್ತಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಅವರೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸಿ ನಗಲು ಶುರುಮಾಡಿದಳು.

"ಅಲ್ಲಾರೀ, ನಮ್ಮ ಮದುವೆಗೆ ನಿಮ್ಮಪ್ಪ ಪೋಸ್ಟಲ್ಲಿ ಕರೆದಿದ್ರಾ? ಅರಿಶಿನ ಕುಂಕುಮ ಹಿಡ್ಕೊಂಡು ಬಾಗಿಲಿಗೆ ಹೋಗಿ, ಹೆಂಗಸರಿಗೆ ಕುಂಕುಮ ಕೊಟ್ಟು, ಎಲ್ಲರೂ ಬರಬೇಕು ಅಂತ ಬಾಯ್ತುಂಬಾ ಹೇಳಿದ್ರೆ ಅದು ಕರೆಯೋದು. ಕಾಗದ ಬರೀ ದಿನ ನೆನಪಿಟ್ಕೊಳ್ಳೋಕೆ. ಅದಿರಲಿ, ಮೊದಲ ಪತ್ರಿಕೆ ಕುರುಡುಮಲೆ ಗಣಪನ ಹತ್ರ ಇಟ್ಟು ಬಂದ್ರಾ?"

ಈ ಭಾಗದಲ್ಲಿ ಯಾವ ಶುಭಕಾರ್ಯವಾದರೂ ಮೊದಲ ಪತ್ರಿಕೆ ಆ ದೊಡ್ಡ ಗಣಪನ ಪಾದಕ್ಕೆ. ಅದು ನನಗೆ ಗೊತ್ತಿತ್ತು. ಪಟ್ಟಿಯಲ್ಲಿ ಕ್ರಮಸಂಖ್ಯೆ ಒಂದು ಅವನದೇ.

"ಕಳಿಸಿದ್ದೀನಲ್ಲ" ಎಂದೆ.

"ಯಾರ ಕೈಲಿ?"

"ಬುಕ್‌ಪೋಸ್ಟಲ್ಲಿ."

ಅವಳು ನನ್ನನ್ನೇ ನೋಡಿದಳು. "ಅದರೊಳಗೂ ಆ ಬರ್ತೀಯೋ ಬರಲ್ವೋ ಕಾರ್ಡು ಇಟ್ಟಿದ್ರಾ?"

ಇಟ್ಟಿದ್ದೆ. ಆರುನೂರು ಲಕೋಟೆಯಲ್ಲೂ ಇಟ್ಟಿದ್ದೆ. ಅವಳು ಅವರೆಕಾಯಿ ಮೊರವನ್ನು ಪಕ್ಕಕ್ಕೆ ತಳ್ಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊದಲು ಸಿಟ್ಟು ಬಂತು. ಆಮೇಲೆ ಗಣಪತಿ ಅನ್ವಯಿಸದಿದ್ದುದನ್ನು ಹೊಡೆದುಹಾಕುತ್ತಿರುವುದು ಕಣ್ಣಿಗೆ ಕಟ್ಟಿ ನಾನೂ ನಕ್ಕೆ.

ನಗು ನಿಂತ ಮೇಲೆ ಕ್ಯಾಲೆಂಡರು ನೋಡಿದೆ. ಉಳಿದದ್ದು ಎಂಟು ದಿನ. ಮರುದಿನ ಬೆಳಿಗ್ಗೆ ಅಧ್ಯಕ್ಷರ ಮನೆಗೆ ಹೋಗಿ, ಗೌನಿನ ರಿಹರ್ಸಲ್ ಎಲ್ಲ ರದ್ದು ಮಾಡಿ, ಜೀಪು ತೆಗೆದುಕೊಂಡು ನಾಲ್ಕು ತಾಲ್ಲೂಕಿನ ಮನೆಗಳಿಗೆ ಹೋಗಿ ಕರೆದು ಬರುತ್ತೇವೆ ಎಂದೆ.

"ವಿಶ್ವವಿದ್ಯಾಲಯದೋರು ಹೀಗೆ ಮನೆಮನೆ ತಿರುಗ್ತಾರೇನ್ರೀ?" ಎಂದರು ಅಧ್ಯಕ್ಷರು.

"ಅವರ ಫೋಟೋದಲ್ಲಿ ಕುರ್ಚಿಗಳು ತುಂಬಿವೆ ಸಾರ್. ನಮ್ಮವು ತುಂಬಲ್ಲ."

ಅವರ ಎದುರು ನಾನು ಅಷ್ಟು ನೇರವಾಗಿ ಮಾತಾಡಿದ್ದು ಅದೇ ಮೊದಲು. ಅವರು ಮೀಸೆ ತಿರುವಿ, "ನಮ್ಮನೆಯೋಳನ್ನೂ ಕರ್ಕೊಂಡು ಹೋಗಿ, ಕುಂಕುಮ ಕೊಡೋದು ಅವಳಿಗೆ ಚೆನ್ನಾಗಿ ಬರುತ್ತೆ" ಎಂದುಬಿಟ್ಟರು. ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು.

ಗಂಡಸು ಒಬ್ಬನೇ ಹೋಗಿ ಕುಂಕುಮ ಕೊಡುವುದಕ್ಕಾಗುವುದಿಲ್ಲ. ಹಾಗಾಗಿ ಮೂರು ಗುಂಪು ಮಾಡಿದೆವು: ಒಂದೊಂದರಲ್ಲಿ ಕಾಲೇಜಿನವರೊಬ್ಬರು, ಜೊತೆಗೊಬ್ಬ ಮುತ್ತೈದೆ, ಒಂದು ಕುಂಕುಮದ ಭರಣಿ. ಅಧ್ಯಕ್ಷರ ಕಾರು ಮುಳಬಾಗಿಲು ಶ್ರೀನಿವಾಸಪುರಕ್ಕೆ, ಗೆಳೆಯರೊಬ್ಬರ ವ್ಯಾನು ಮಾಲೂರಿಗೆ, ಕಾಲೇಜಿನ ಜೀಪು ಕೋಲಾರದ ಹಳ್ಳಿಗಳಿಗೆ ಮತ್ತು ಉಳಿದ ಕಡೆಗೆಲ್ಲ. ಜೀಪಿನಲ್ಲಿ ನಾನು, ನನ್ನ ಹೆಂಡತಿ, ಡ್ರೈವರು. ಮೊದಲು ಕುರುಡುಮಲೆಗೆ ಹೋಗಿ ಗಣಪನ ಪಾದದಲ್ಲಿ ಪತ್ರಿಕೆ ಇಟ್ಟು ಕೈಮುಗಿದೆವು. ಅಲ್ಲಿಂದ ನೇರವಾಗಿ ಹೋಳೂರಿಗೆ, ಮೇಡಂ ಅವರ ತಾಯಿಯ ಮನೆಗೆ.

ಆಕೆ ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಒಳಗೆ ತಟ್ಟೆಗಳಲ್ಲಿ ರೇಷ್ಮೆ ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಬಂದ ವಿಷಯ ಹೇಳಿದೆ.

"ಮಗಳು ಹೇಳಿದ್ಲು ಸಾಮಿ. ನನಗೆಲ್ಲಿ ಆಗ್ತೈತೆ? ಹುಳ ನಾಲ್ಕನೇ ಜ್ವರ ಎದ್ದೈತೆ. ಹೊತ್ತು ಹೊತ್ತಿಗೆ ಸೊಪ್ಪು ಹಾಕೋರು ಯಾರು?"

ಹುಳ ಪೊರೆ ಬಿಡುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ನಾನು ಪಟ್ಟಿಯ ಮನುಷ್ಯನಲ್ಲವೆ, ಕೂಡಲೇ ದಾರಿ ಹುಡುಕಿದೆ. "ಪ್ರಾಣಿಶಾಸ್ತ್ರದ ಇಬ್ಬರು ಹುಡುಗರನ್ನ ಕಳಿಸ್ತೀನಮ್ಮ, ಸೊಪ್ಪು ಹಾಕ್ತಾರೆ."

ಆಕೆ ನಕ್ಕರು. ಅಷ್ಟರಲ್ಲಿ ನನ್ನ ಹೆಂಡತಿ ಚೀಲದಿಂದ ಕುಂಕುಮದ ಭರಣಿ ಹೊರತೆಗೆದಳು. ಅದನ್ನು ಕಂಡದ್ದೇ ಆಕೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದು, "ಅಕ್ಕಾ, ಕರೆಯೋಕೆ ಬಂದವ್ರೆ ನೋಡು" ಎಂದು ಕೂಗಿ ಒಳಗೆ ಹೋಗಿಬಿಟ್ಟರು. ಅವರ ಓರಗಿತ್ತಿ ಸೆರಗು ಸರಿಮಾಡಿಕೊಂಡು ಹೊರಗೆ ಬಂದು ಹಣೆ ಮುಂದೊಡ್ಡಿದರು.

ನನಗೆ ಆಗ ಅರ್ಥವಾಯಿತು. ಮೇಡಂ ಅವರ ತಂದೆ ತೀರಿಕೊಂಡಾಗ ಮೇಡಂಗೆ ಆರು ವರ್ಷ. ಅಂದಿನಿಂದ ಆ ಮನೆಗೆ ಬಂದ ಪ್ರತಿ ಭರಣಿಯೂ ಓರಗಿತ್ತಿಯ ಮುಂದೆಯೇ ನಿಂತಿದೆ. ಈಕೆ ಪ್ರತಿ ಸಲವೂ ಹೀಗೇ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿದ್ದಾರೆ. ಕರೆಯದ ಕಡೆ ಹೋಗುವ ಹೆಂಗಸಲ್ಲ. ಮೊದಲ ಸಾಲು, ಮೂರನೇ ಕುರ್ಚಿ ಎಂದು ಬರೆದದ್ದು ನೆನಪಾಗಿ ನಾಚಿಕೆಯಾಯಿತು. ಈಕೆ ಬರದಿದ್ದರೆ ಮೇಡಂ ಮೆರವಣಿಗೆಗೆ ಬರುವುದಿಲ್ಲ. ಆರು ವಾರದ ಕೆಲಸ ಅಲ್ಲಿಗೆ ಮುಗಿಯಿತು ಎಂಬ ಹೆದರಿಕೆಯೂ ಆಯಿತು.

ಹೆಂಡತಿ ಓರಗಿತ್ತಿಗೆ ಕುಂಕುಮ ಕೊಟ್ಟು, ಭರಣಿ ಹಿಡಿದುಕೊಂಡೇ ಹುಳದ ಮನೆಯ ಬಾಗಿಲಿಗೆ ಹೋದಳು.

"ದೊಡ್ಡಮ್ಮ, ನಾನು ನಿಮ್ಮನ್ನ ಕರೆಯೋಕೆ ಬಂದಿಲ್ಲ."

ಆಕೆ ತಿರುಗಿ ನೋಡಿದರು.

"ಮಗಳ ಕಾರ್ಯ. ನೀವು ಮನೆಯೋರು. ಮನೆಯೋರನ್ನ ಯಾರಾದ್ರೂ ಕರೀತಾರಾ? ಮನೆಯೋರು ಊರನ್ನ ಕರೀಬೇಕು. ನಾವು ಪರಸ್ಥಳದೋರು, ಹೋಬಳೀಲಿ ಯಾರ ಮನೆ ಯಾವುದು ಅಂತ ಏನು ಗೊತ್ತು? ಬನ್ನಿ, ಜೀಪ್ ಹತ್ತಿ."

"ನಾನಾ? ಶುಭಕಾರ್ಯಕ್ಕೆ ನನ್ನಂಥೋಳು ಬಾಗಿಲಿಗೆ ಬಂದ್ರೆ ಜನ ಏನಂದಾರು ತಾಯಿ?"

"ಕುಂಕುಮ ನಾನು ಕೊಡ್ತೀನಿ. ಬಾಯ್ಮಾತು ನಿಮ್ಮದು."

ಆಕೆ ಕೈಯಲ್ಲಿದ್ದ ಎಲೆಯನ್ನು ಸವರಿದರು. ಓರಗಿತ್ತಿ ಹಿಂದಿನಿಂದ, "ಹೋಗೇ, ಸೊಪ್ಪು ನಾನು ನೋಡ್ಕೊಂತೀನಿ" ಎಂದರು. ಆಗ ಆಕೆ ಮುಖ ತೊಳೆದು ಬಂದರು.

ಮೊದಲ ಮನೆ ಅದೇ ಬೀದಿಯದು. ಆ ಮನೆಯ ಹಿರಿಯಾಕೆ ಬಾಗಿಲಲ್ಲಿ ನಿಂತು ಜೀಪನ್ನೂ ಭರಣಿಯನ್ನೂ ಮೇಡಂ ತಾಯಿಯನ್ನೂ ಒಂದೊಂದಾಗಿ ನೋಡಿದರು. ನನ್ನ ಹೆಂಡತಿ ಕುಂಕುಮ ಕೊಟ್ಟಳು. ಮೇಡಂ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಡ್ರೈವರು ಕೂಡ ಎಂಜಿನ್ ಆರಿಸಿ ಕಾದ.

"ನನ್ನ ಮಗಳು..." ಎಂದರು ಕೊನೆಗೆ. "ನನ್ನ ಮಗಳು ಕೋಲಾರದ ಕಾಲೇಜಿಗೆ ಯಜಮಾನಿ ಆಗ್ತಾಳೆ. ನೀವೆಲ್ಲ ಬರಬೇಕು."

ಹಿರಿಯಾಕೆ ಕೇಳಿದರು: "ನೀನಿರ್ತೀಯೇನೇ ಅಲ್ಲಿ?"

"ಕರೆದೋಳು ಬಾಗಿಲಲ್ಲಿ ನಿಂತ್ಕೋಬೇಕಲ್ಲಕ್ಕ. ಇರ್ದೆ ಆಗ್ತೈತಾ?"

"ಹಂಗಾದ್ರೆ ಬರ್ತೀವಿ ಕಣೇ. ನಲವತ್ತು ವರ್ಷಕ್ಕೆ ನಮ್ಮನೆ ಬಾಗಿಲಿಗೆ ಬಂದಿದ್ದೀಯ. ಬೆಲ್ಲ ತಿಂದು ಹೋಗು."

ನನ್ನ ಹೆಂಡತಿ ನನ್ನ ತೋಳು ಚಿವುಟಿದಳು. ಕರೆದವರು ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳಬೇಕು ಎಂಬುದು ನಮ್ಮ ಕಡೆಯ ರಿವಾಜು. ಅದನ್ನು ಲೆಕ್ಕ ಹಾಕಿಯೇ ಅವಳು ಆಕೆಯನ್ನು ಜೀಪು ಹತ್ತಿಸಿದ್ದಳೆಂದು ನನಗೆ ಹೊಳೆದದ್ದು ಆಗ. ಮತ್ತೆ ಜೀಪಿನಲ್ಲಿ ಕೂತ ಮೇಲೆ ಮೇಡಂ ತಾಯಿ ತಮ್ಮಷ್ಟಕ್ಕೆ ಹೇಳಿಕೊಂಡರು: "ಆವತ್ತಿಗೆ ಹುಳ ಚಂದ್ರಿಕೆಗೆ ಹತ್ತಿರ್ತವೆ ಬಿಡು, ಸೊಪ್ಪಿನ ಕೆಲಸ ಇರಲ್ಲ." ಚಂದ್ರಿಕೆ ಎಂಬ ಬಿದಿರ ತಟ್ಟಿಗೆ ಬಿಟ್ಟ ಹುಳ ಗೂಡು ಕಟ್ಟುತ್ತದೆಯೇ ಹೊರತು ಸೊಪ್ಪು ತಿನ್ನುವುದಿಲ್ಲ. ನನ್ನ ಪ್ರಾಣಿಶಾಸ್ತ್ರದ ಹುಡುಗರ ಮಾತಿಗೆ ಆಕೆ ಯಾಕೆ ನಕ್ಕಿದ್ದರೆಂದು ಆಗ ತಿಳಿಯಿತು.

ಆಮೇಲಿನ ಆರು ದಿನ ನನ್ನ ನೌಕರಿಯ ಅತ್ಯಂತ ಸಂತೋಷದ ದಿನಗಳು. ಆಕೆಯ ನಾಲಿಗೆ ಬಿಟ್ಟುಕೊಂಡಿತು. ಹೋಬಳಿ ಮುಗಿಸಿದರೂ ಇಳಿಯಲಿಲ್ಲ. ಮುಳಬಾಗಿಲಿನ ಕಡೆ ತೆಲುಗಿನಲ್ಲಿ ಕರೆದರು, ಮಾಲೂರಿನ ಕಡೆ ದೂರದ ನಂಟು ಹುಡುಕಿ ಕರೆದರು. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುತ್ತಿದ್ದವರು ಉಳಿ ಕೆಳಗಿಟ್ಟು ಎದ್ದರೆ, "ಆವತ್ತೊಂದಿನ ಕಲ್ಲು ಎಲ್ಲಿಗೂ ಓಡೋಗಲ್ಲ, ಬನ್ನಿ" ಎಂದರು. ಒಂದೊಂದು ಮನೆಯಲ್ಲೂ ಏನಾದರೂ ತಿನ್ನಲೇಬೇಕು. ಮೂರನೇ ದಿನಕ್ಕೆ ಡ್ರೈವರು, "ಸಾರ್, ಇನ್ನೊಂದು ಲೋಟ ಕಾಫಿ ಕುಡಿದ್ರೆ ನಾನು ಸ್ಟೇರಿಂಗ್ ಹಿಡಿಯಲ್ಲ" ಎಂದ. ಟೊಮೇಟೊ ಬೆಳೆಗಾರರ ಮನೆಗೂ ಹೋದೆವು. ಭರಣಿ ನೋಡಿ ಅವರು ನನ್ನ ಕಡೆ ಕಣ್ಣು ಮಿಟುಕಿಸಿದರು.

ಸಮಾರಂಭದ ದಿನ ನಾನು ಕುರ್ಚಿ ಹಾಕಿಸಿದ್ದದ್ದು ನಾನೂರು. ಒಂಬತ್ತೂವರೆಗೇ ಅವು ಸಾಲಲಿಲ್ಲ. ಬಸ್ಸಿನಲ್ಲಿ, ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಜನ ಬರುತ್ತಲೇ ಇದ್ದರು. ಶಾಮಿಯಾನದವನನ್ನು ಓಡಿಸಿ ಜಮಖಾನ ತರಿಸಿದೆ. ಉಪ್ಪಿಟ್ಟು ಅರ್ಧ ಜನಕ್ಕೆ ಮುಗಿಯುತ್ತದೆಂದು ಅಡಿಗೆಯವನು ತಲೆ ಮೇಲೆ ಕೈಹೊತ್ತು ಕೂತಾಗ, ಟೊಮೇಟೊ ಬೆಳೆಗಾರರು ಒಂದು ಗಾಡಿ ತರಕಾರಿ ಇಳಿಸಿದರು. ಹೋಳೂರಿನ ಹೆಂಗಸರು ಸೆರಗು ಸಿಕ್ಕಿಸಿ ಒಲೆ ಮುಂದೆ ಕೂತರು. ಲೈಬ್ರರಿಯ ಮುಂದೆ ಕಪ್ಪು ಗೌನು ತೊಟ್ಟು ಬೆವರುತ್ತಿದ್ದ ಅಧ್ಯಾಪಕರನ್ನು ಕಂಡು ಮುಳಬಾಗಿಲಿನ ಅಜ್ಜನೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಇಷ್ಟೊಂದು ಲಾಯರುಗಳು ಯಾಕೆ ಸಾಮಿ, ಏನಾದ್ರೂ ತಕರಾರಾ?" ಎಂದು ವಿಚಾರಿಸಿದ.

ಹತ್ತೂವರೆಗೆ ಹೊರಡಬೇಕಿದ್ದ ಮೆರವಣಿಗೆ ಹೊರಟದ್ದು ಹನ್ನೊಂದೂವರೆಗೆ. ಕಾರಣ, ಸಭಾಂಗಣದ ಬಾಗಿಲಲ್ಲಿ ಮೇಡಂ ತಾಯಿ ನಿಂತಿದ್ದರು. ನೀಲಿ ಅಂಚಿನ ಹೊಸ ಸೀರೆ ಉಟ್ಟು, ಬಂದ ಒಬ್ಬೊಬ್ಬರನ್ನೂ ಕೈಹಿಡಿದು, ಮನೆಯವರ ಯೋಗಕ್ಷೇಮ ಕೇಳಿ ಒಳಗೆ ಬಿಡುತ್ತಿದ್ದರು. ಯಾರನ್ನೂ ಬೇಗ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿ ಭರಣಿ ಹಿಡಿದು ನಿಂತಿದ್ದಳು. ಅಧ್ಯಕ್ಷರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ನಾನು ನಿಮಿಷ ನಿಮಿಷದ ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಕೊನೆಗೆ ಓಲಗ ಶುರುವಾಗಿ ಮೆರವಣಿಗೆ ಬಾಗಿಲಿಗೆ ಬಂತು. ಎಲ್ಲರಿಗೂ ಮುಂದೆ ಗೌನು ತೊಟ್ಟ ಮೇಡಂ. ತಾಯಿಯನ್ನು ಅಲ್ಲಿ ಕಂಡದ್ದೇ ಅವರ ಕಾಲು ನಿಂತುಹೋಯಿತು. ಹಿಂದೆ ಬರುತ್ತಿದ್ದವರು ಒಬ್ಬರ ಬೆನ್ನಿಗೊಬ್ಬರು ತಾಗಿ ನಿಂತರು. ಓಲಗದವರೂ ನಿಲ್ಲಿಸಿದರು.

ತಾಯಿ ಮಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಅಯ್ಯೋ, ನಾಕು ತಾಲ್ಲೂಕು ಕರೆದು ಬಂದೆ, ನಿನ್ನನ್ನೇ ಕರೆಯೋದು ಮರೆತೆ ಕಣೇ" ಎಂದರು. ನನ್ನ ಹೆಂಡತಿಯ ಕೈಯಿಂದ ತಾವೇ ಭರಣಿ ತೆಗೆದುಕೊಂಡು, ಬೆರಳು ಅದ್ದಿ, ಮಗಳ ಹಣೆಗೆ ಕುಂಕುಮ ಇಟ್ಟರು. "ಬಾ, ಒಳಕ್ಕೆ ಬಾ."

ಒಳಗಿದ್ದ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಅತ್ತುಬಿಟ್ಟೆ, ಹೇಳುವುದಕ್ಕೆ ಸಂಕೋಚವೇನಿಲ್ಲ. ಬೀಗದ ಗೊಂಚಲು, ಮೊಹರು, ಭಾಷಣ ಎಲ್ಲ ಆಮೇಲೆ ಆದವು, ಚೆನ್ನಾಗಿಯೇ ಆದವು.

ತಾಯಿ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಶ್ರೀನಿವಾಸಪುರದ ಕೊನೆಯ ಬಸ್ಸಿನವರು ಇನ್ನೂ ಬರಬೇಕಿತ್ತು, ಅವರನ್ನೂ ತಾವೇ ಕರೆದದ್ದು ಎಂದರು. ಆವತ್ತು ಜನ ಕಿಟಕಿಯ ಮೇಲೂ ಕೂತಿದ್ದರು. ಇಡೀ ಸಭಾಂಗಣದಲ್ಲಿ ಖಾಲಿ ಉಳಿದದ್ದು ಒಂದೇ, ಮೊದಲ ಸಾಲಿನ ಮೂರನೇ ಕುರ್ಚಿ.